ಭರಣಿಯಲ್ಲಿ ನೇರಳೆ ವೈನ್

ಮೇ ಕೊನೆಗೆ ಕಾರವಾರದ ಭಾನುವಾರದ ಸಂತೆಗೆ ನೇರಳೆ ಬರುತ್ತದೆ. ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಹಾಲಕ್ಕಿ ಹೆಂಗಸಿನ ಹತ್ತಿರ ಇಡೀ ಬುಟ್ಟಿಗೆ ರೇಟು ಕೇಳಿದೆ. "ಅಷ್ಟು ತಿಂದ್ರೆ ಗಂಟಲು ಹಿಡೀತದೆ" ಅಂತ ನಕ್ಕಳು. ತಿನ್ನಲಿಕ್ಕಲ್ಲ ಅಂತ ನಾನೂ ಬಾಯಿ ಬಿಡಲಿಲ್ಲ.

ವೈನ್ ಹುಚ್ಚು ಹತ್ತಿದ್ದು ಪಕ್ಕದ ಮನೆ ಬಾಯಮ್ಮನಿಂದ. ಪ್ರತಿ ಕ್ರಿಸ್‌ಮಸ್‌ಗೆ ಕುಸ್ವಾರದ, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಜೊತೆ ಒಂದು ಸಣ್ಣ ಗ್ಲಾಸು ಬರುತ್ತಿತ್ತು. ಒಮ್ಮೆ ದ್ರಾಕ್ಷಿಯದು, ಒಮ್ಮೆ ನೇರಳೆಯದು. ನನಗೆ ನೇರಳೆಯದೇ ಇಷ್ಟ. ವಿದೇಶದವರು ಹೀಗೇ ಬ್ಲ್ಯಾಕ್‌ಬೆರಿಯಲ್ಲಿ ಮಾಡುತ್ತಾರಲ್ಲ, ಕ್ರಮ ಹೆಚ್ಚು ಕಡಿಮೆ ಒಂದೇ. ಆದರೆ ಅದು ಮುಳ್ಳುಪೊದೆಯ ಹಣ್ಣು, ಅಲ್ಲಿ ಗೊರಟೆ ಬಿಡಿಸುವ ಕೆಲಸವಿಲ್ಲ. ನಮ್ಮ ನೇರಳೆಯಲ್ಲಿ ಅರ್ಧ ಕೆಲಸ ಅದೇ.

ಮೊದಲ ವರ್ಷ ಆ ಕೆಲಸ ತಪ್ಪಿಸಲು ಹೋಗಿ ಕೆಟ್ಟೆ. ಹಣ್ಣನ್ನು ಗೊರಟೆ ಸಮೇತ ಹಿಸುಕಿ 21 ದಿನ ಹಾಗೇ ಬಿಟ್ಟೆ. ಸೋಸಿ ನಾಲಿಗೆಗೆ ಇಟ್ಟರೆ ಅಡಿಕೆ ಚೊಗರು ಕುಡಿದ ಹಾಗೆ. ನೇರಳೆ ಸಿಪ್ಪೆಯೇ ಸಾಕಷ್ಟು ಒಗರು, ಮೇಲೆ ಗೊರಟೆಯದೂ ಇಳಿದರೆ ಕೇಳಬೇಕೇ?

ಈಗ ಮೂರು ಕಿಲೋ ಹಣ್ಣು ತರುತ್ತೇನೆ, ಅದೂ ಮಳೆ ಹಿಡಿಯುವ ಮೊದಲೇ. ಮಳೆ ಬಿದ್ದ ಮೇಲಿನ ಹಣ್ಣು ನೀರು ನೀರು, ಹುಳವೂ ಜಾಸ್ತಿ. ಒಡೆದದ್ದು, ಬೂಸು ಹಿಡಿದದ್ದು ಒಂದೂ ಒಳಗೆ ಹೋಗಬಾರದು. ಮೆಲ್ಲಗೆ ತೊಳೆದು ಹಳೇ ಪಂಚೆ ಮೇಲೆ ಹರವಿ ನೀರು ಆರಿಸಬೇಕು. ಆಮೇಲೆ ಕೈಯಲ್ಲೇ ಹಿಸುಕಿ ಗೊರಟೆ ಬೇರೆ ಮಾಡುವುದು. ಮಿಕ್ಸಿ ಬೇಡ, ಗೊರಟೆ ಒಡೆದರೆ ಕಹಿ. ಉಗುರಿನ ಸಂದಿಯ ನೇರಳೆ ಬಣ್ಣ ಒಂದು ವಾರ ಹೋಗುವುದಿಲ್ಲ. ಆ ವಾರ ಬ್ಯಾಂಕಿಗೆ ಹೋದರೆ ಎಲ್ಲರೂ ಕೈಯನ್ನೇ ನೋಡುತ್ತಾರೆ.

ಪಾತ್ರೆ ಅಂದರೆ ಉಪ್ಪಿನಕಾಯಿಯ ದೊಡ್ಡ ಪಿಂಗಾಣಿ ಭರಣಿ. ಅಲ್ಯೂಮಿನಿಯಂ, ತಾಮ್ರ ಮುಟ್ಟಿಸುವುದೇ ಇಲ್ಲ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿ ವಾಸನೆ ಹೋಗುವವರೆಗೆ ಕುದಿನೀರು ಹಾಕಿ ಹಾಕಿ ತೊಳೆದು, ಬಿಸಿಲಿಗೆ ಇಟ್ಟೆ. ಹಣ್ಣಿನ ತಿರುಳು, ಕುದಿಸಿ ಪೂರ್ತಿ ಆರಿಸಿದ ನಾಲ್ಕು ಲೀಟರ್ ನೀರು, ಒಂದು ಹಿಡಿ ಗೋಧಿ, ಎರಡು ಚೂರು ದಾಲ್ಚಿನ್ನಿ. ಸಕ್ಕರೆ ಒಟ್ಟು ಒಂದೂಕಾಲು ಕಿಲೋ, ಅರ್ಧ ಈಗ, ಅರ್ಧ ನಾಲ್ಕು ದಿನ ಬಿಟ್ಟು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಅಂತ ಲೆಕ್ಕ. ಸಕ್ಕರೆ ಸುರಿದಷ್ಟೂ ಕಿಕ್ ಏರುತ್ತದೆ ಅನ್ನುವುದು ಸುಳ್ಳು. ಒಂದು ಮಟ್ಟ ದಾಟಿದರೆ ಯೀಸ್ಟೇ ಸುಸ್ತಾಗಿ ಬಿಡುತ್ತದೆ, ಉಳಿಯುವುದು ಪಾನಕ.

ಬಾಯಮ್ಮ ಯೀಸ್ಟ್ ಹಾಕುವವರಲ್ಲ. ಹಣ್ಣಿನ ಸಿಪ್ಪೆ ಮೇಲಿರುವುದೇ ಸಾಕು ಅನ್ನುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ, ಬೇಕರಿಯ ಒಣ ಯೀಸ್ಟ್ ಅರ್ಧ ಚಮಚ ಹಾಕುತ್ತೇನೆ. ಅವರಿಗೆ ಹೇಳಿಲ್ಲ.

ಭರಣಿ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ನಮ್ಮ ಕರಾವಳಿ ಸೆಕೆಗೆ ಎರಡನೇ ದಿನವೇ ನೊರೆ ಏಳುತ್ತದೆ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಮನೆಯಲ್ಲಿ ತಂಪಾದ ಮೂಲೆಯಲ್ಲಿಟ್ಟು, ದಿನಕ್ಕೆ ಎರಡು ಸಲ ಮರದ ಸೌಟಿನಲ್ಲಿ ಮೇಲೆ ತೇಲುವ ಸಿಪ್ಪೆ ಒಳಗೆ ಒತ್ತುತ್ತೇನೆ. ಅದು ಒಣಗಿದರೆ ಬೂಸು ಖಂಡಿತ. ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಚುರ್ರ್ ಅಂತಿರುತ್ತದೆ, ದೋಸೆಗೆ ಎಣ್ಣೆ ಬಿಟ್ಟ ಹಾಗೆ.

ಎಂಟನೇ ದಿನ ಬಟ್ಟೆಯಲ್ಲಿ ಸೋಸಿ ಗಾಜಿನ ಜಾರಿಗೆ, ಕುತ್ತಿಗೆವರೆಗೆ. ಇಲ್ಲಿಂದ ಮುಂದೆ ಗಾಳಿ ಶತ್ರು. ಗಾಳಿ ಸಿಕ್ಕರೆ ವೈನ್ ವಿನೆಗರ್ ಆಗುತ್ತದೆ, ಹಣ್ಣಿನ ನೊಣ ಕೂತರೆ ಇನ್ನೂ ಬೇಗ. ಹಾಗಂತ ಬಿಗಿಯಾಗಿ ಮುಚ್ಚುವ ಹಾಗೂ ಇಲ್ಲ. ಎರಡನೇ ವರ್ಷ ನಾನು ಮುಚ್ಚಿದ್ದೆ, ಸೋಡಾ ಬಾಟಲಿಗಳಿಗೆ ತುಂಬಿ ಮುಚ್ಚಳ ತಿರುಗಿಸಿ. ಜುಲೈ, ಹೊರಗೆ ಧೋ ಅಂತ ಮಳೆ. ನಡುರಾತ್ರಿ ಢಂ ಅಂತ ಶಬ್ದ. ಗುಡುಗು ಅಂದುಕೊಂಡು ಮಗ್ಗಲು ಬದಲಿಸಿದೆ. ಬೆಳಿಗ್ಗೆ ಅಡುಗೆಮನೆ ಗೋಡೆ ನೇರಳೆ, ನೆಲದ ತುಂಬ ಗಾಜು, ಇರುವೆ ಸಾಲು. ಸುಣ್ಣ ಎರಡು ಕೋಟು ಹೊಡೆಸಿದರೂ ಕಲೆ ಇನ್ನೂ ಕಾಣುತ್ತದೆ.

"ಅದು ಉಸಿರಾಡ್ತದೆ ತಮ್ಮಾ, ಬಾಯಿ ಕಟ್ಟಿದ್ರೆ ಸಿಟ್ಟು ಬರೂದಿಲ್ವಾ?" ಅಂದರು ಬಾಯಮ್ಮ.

ಈಗ ಜಾರಿನ ಬಾಯಿಗೆ ಬಲೂನು ಕಟ್ಟಿ, ಸೂಜಿಯಲ್ಲಿ ಒಂದೇ ಒಂದು ತೂತು ಮಾಡುತ್ತೇನೆ. ಒಳಗಿನ ಗ್ಯಾಸ್ ಹೋಗುತ್ತದೆ, ಹೊರಗಿನದು ಬರುವುದಿಲ್ಲ. ಬಲೂನು ನೆಟ್ಟಗೆ ನಿಂತಿದ್ದರೆ ಕೆಲಸ ನಡೆದಿದೆ. ಜೋತು ಬಿದ್ದ ಮೇಲೂ ಎರಡು ವಾರ ಮುಟ್ಟುವುದಿಲ್ಲ. ಆಮೇಲೆ ಸಣ್ಣ ಪೈಪಿನಲ್ಲಿ ತಿಳಿಯನ್ನಷ್ಟೇ ಎಳೆದು, ಗಸಿ ಅಲ್ಲೇ ಬಿಟ್ಟು, ಬೇರೆ ಜಾರಿಗೆ. ತಿಂಗಳು ಬಿಟ್ಟು ಇನ್ನೊಂದು ಸಲ. ಆಗಸ್ಟಿನಲ್ಲಿ ಕುಡಿದರೆ ಒರಟು, ಡಿಸೆಂಬರ್‌ಗೆ ಪರವಾಗಿಲ್ಲ. ಇದೆಲ್ಲ ಮನೆ ಮಟ್ಟಿಗೆ. ನೆಂಟರು ಎಷ್ಟು ಕೇಳಿದರೂ ದುಡ್ಡಿಗೆ ಒಂದು ಬಾಟಲಿಯೂ ಇಲ್ಲ, ಲೈಸೆನ್ಸ್ ಇಲ್ಲದೆ ಮಾರಿದರೆ ಅಬಕಾರಿಯವರು ಬಿಡುವುದಿಲ್ಲ.

ಕಳೆದ ಸಲ ಒಂದು ಜಾರಿನ ಬಲೂನು ಹರಿದದ್ದು ನೋಡಲೇ ಇಲ್ಲ. ಪೂರ್ತಿ ಹುಳಿ. ಚೆಲ್ಲಲು ಹೊರಟವನನ್ನು ಬಾಯಮ್ಮ ತಡೆದು, ಜಾರನ್ನೇ ಎತ್ತಿಕೊಂಡು ಹೋದರು. ಮರುದಿನ ಮಧ್ಯಾಹ್ನ ಡಬ್ಬಿಯಲ್ಲಿ ಆ ಹುಳಿ ಹಾಕಿ ಮಾಡಿದ ವಿಂದಾಲು ಬಂತು, ಜೊತೆಗೆ ಒಂದು ಹೊಸ ಬಲೂನು.