ಕೋಟೆಯ ಒಳಗೋ ಹೊರಗೋ: ವಿಜಯಪುರದಲ್ಲಿ ನಾವು ಮನೆ ಕೊಂಡ ಬಗೆ

ವಿಜಯಪುರದಲ್ಲಿ ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ಸ್ವಂತ ಮನೆ ಕೊಳ್ಳಲು ಹೊರಟಾಗ ನಮ್ಮ ಮುಂದೆ ಎರಡು ಮನೆಗಳಿದ್ದವು. ಒಂದು, ಕೋಟೆಗೋಡೆಯ ಒಳಗೆ, ಜುಮ್ಮಾ ಮಸೀದಿಯ ಆಸುಪಾಸಿನ ಓಣಿಯಲ್ಲಿದ್ದ ಹಳೆಯ ಕಲ್ಲಿನ ಮಾಳಿಗೆ ಮನೆ, ಎಂದರೆ ತೊಲೆ-ಜಂತೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಛಾವಣಿಯ ಮನೆ. ಇನ್ನೊಂದು, ಸೋಲಾಪುರ ರಸ್ತೆಯ ಕಡೆ ಹೊಸ ಬಡಾವಣೆಯೊಂದರಲ್ಲಿ, ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿ ಎರಡು ವರ್ಷವಾಗಿದ್ದ ಆರ್‌ಸಿಸಿ ಮನೆ. ಎರಡಕ್ಕೂ ಕೇಳಿದ ಬೆಲೆ ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ ಹಣದ ಲೆಕ್ಕದಿಂದ ಯಾವುದೂ ಇತ್ಯರ್ಥವಾಗಲಿಲ್ಲ. ಬೆಲೆಗಿಂತ ಮುಖ್ಯವಾಗಿ, ಕೊಂಡ ಮನೆಯನ್ನು ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಾವು ಏನು ಮಾಡಬಹುದು, ಏನು ಮಾಡಲಾಗದು ಎಂಬುದನ್ನು ಮೊದಲೇ ತಿಳಿಯಬೇಕಿತ್ತು. ಅದು ನನಗೆ ತಡವಾಗಿ ಹೊಳೆಯಿತು.

ನಮ್ಮ ಅವ್ವನಿಗೆ ಎಪ್ಪತ್ತನಾಲ್ಕು ವರ್ಷ. ಹಿಟ್ಟಿನ ಗಿರಣಿ, ಕಾಯಿಪಲ್ಲೆ, ಔಷಧದ ಅಂಗಡಿ ನಡೆದು ಹೋಗುವಷ್ಟು ಹತ್ತಿರ ಇರಬೇಕೆಂಬುದು ಅವಳ ಒಂದೇ ಬೇಡಿಕೆ. ಮಗ ಮದುವೆಯಾದ ಮೇಲೆ ಮೇಲೊಂದು ಕೋಣೆ ಕಟ್ಟಲು ಅವಕಾಶವಿರಬೇಕೆಂಬುದು ಹೆಂಡತಿಯ ವಿಚಾರ. ಮೊದಲನೆಯದಕ್ಕೆ ಹಳೆಯ ಓಣಿ ಸರಿ, ಎರಡನೆಯದಕ್ಕೆ ಹೊಸ ಬಡಾವಣೆ ಸರಿ ಎಂದು ನಾವು ಮೊದಲ ವಾರದಲ್ಲಿಯೇ ಅಂದುಕೊಂಡಿದ್ದೆವು.

ನೋಡಲು ನಾನು ಆರಿಸಿಕೊಂಡದ್ದು ಮೇ ತಿಂಗಳು. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಮನೆಯ ಗುಣವೂ ನೀರಿನ ಸ್ಥಿತಿಯೂ ಮರೆಯಾಗಿ ಉಳಿಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮಾಳಿಗೆ ಮನೆಯ ದಪ್ಪ ಗೋಡೆಗಳ ನಡುವೆ ಫ್ಯಾನ್ ಇಲ್ಲದೆಯೂ ಕೂರಬಹುದಿತ್ತು. ಹೊಸ ಮನೆಯ ಛತ್ತು ರಾತ್ರಿ ಹತ್ತಕ್ಕೂ ಕಾವು ಬಿಟ್ಟುಕೊಡುತ್ತಿತ್ತು. ನೀರಿನ ಬಗ್ಗೆ ಮಾಲೀಕರನ್ನು ಕೇಳುವುದನ್ನು ಬಿಟ್ಟು, ಪ್ರತಿ ಓಣಿಯಲ್ಲೂ ಮೂರು ಮನೆಗಳ ಹೆಣ್ಣುಮಕ್ಕಳನ್ನು ಕೇಳಿದೆ. ಊರಿಗೆ ನೀರು ಬರುವುದು ಕೊಲ್ಹಾರದ ಬಳಿ ಕೃಷ್ಣೆಯಿಂದ. ಆದರೆ ನಳದಲ್ಲಿ ಅದು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಎಷ್ಟು ಜೋರಾಗಿ ಬರುತ್ತದೆ ಎಂಬುದು ಓಣಿಯಿಂದ ಓಣಿಗೆ ಬೇರೆ. ಹೊಸ ಬಡಾವಣೆಯ ಒಬ್ಬ ತಾಯಿ, "ನೀರ ಬರೂ ದಿನಾ ನಾವು ಯಾರ ಮದುವಿಗೂ ಹೋಗೂದಿಲ್ರೀ ಅಣ್ಣಾರ, ಬೋರಿನ ನೀರ ಸವಳು ಐತಿ, ಬ್ಯಾಳಿ ಬೇಯೂದಿಲ್ಲ" ಎಂದರು. ಅಲ್ಲಿಯ ಬಹಳಷ್ಟು ಮನೆಗಳ ಮುಂದೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನುಗಳು ಸಾಲಾಗಿ ನಿಂತಿದ್ದವು. ಹಳೆಯ ಓಣಿಯಲ್ಲಿ ಸರದಿಯ ದಿನ ತಪ್ಪುತ್ತಿರಲಿಲ್ಲ, ಆದರೆ ಇಕ್ಕಟ್ಟಾದ ಗಟಾರುಗಳ ವಾಸನೆ ಮಳೆಗಾಲದಲ್ಲಿ ಸಹಿಸಲಾಗದಂತಿತ್ತು. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ.

ಹೊಸ ಮನೆಯ ಕಿಟಕಿಗಳ ಮೂಲೆಯಲ್ಲಿ ಓರೆಯಾಗಿ ಇಳಿದ ಬಿರುಕುಗಳಿದ್ದವು. ಅವು ಬರೀ ಗಿಲಾಯಿಯ, ಎಂದರೆ ಗೋಡೆಗೆ ಮೆತ್ತಿದ ಗಾರೆಯ ಬಿರುಕುಗಳೆಂದು ಮಾಲೀಕರು ಹೇಳಿದರು. ನಾನು ಪ್ರತಿ ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಲು ಅವರ ಒಪ್ಪಿಗೆ ಪಡೆದೆ. ಜೂನ್ ಕೊನೆಗೆ ಹೋಗಿ ನೋಡಿದರೆ ಎರಡು ಬಿರುಕುಗಳು ಗೆರೆ ದಾಟಿದ್ದವು. ನಾಲ್ಕು ಮಳೆ ಬಿದ್ದ ಮೇಲೆ ಆಗಸ್ಟಿನಲ್ಲಿ ಅವೇ ಬಿರುಕುಗಳು ಸಣ್ಣಗಾಗಿದ್ದವು. ಹೀಗೆ ಬೇಸಿಗೆಯಲ್ಲಿ ತೆರೆದು ಮಳೆಗೆ ಮುಚ್ಚಿಕೊಳ್ಳುವ ಬಿರುಕು ಬಂದದ್ದು ಗಿಲಾಯಿಯಿಂದಲ್ಲ, ಕೆಳಗಿನ ಎರಿ (ಕಪ್ಪು) ಮಣ್ಣಿನಿಂದ: ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ತನ್ನ ಮೇಲಿನ ಬುನಾದಿಯನ್ನೂ ಜೊತೆಗೆ ಏಳಿಸಿ ಇಳಿಸುತ್ತದೆ. ಪಕ್ಕದ ನಿವೇಶನದಲ್ಲಿ ಬುನಾದಿ ತೋಡುತ್ತಿದ್ದರು. ಗರಸು, ಎಂದರೆ ಕೆಳಗಿನ ಗಟ್ಟಿ ಕಲ್ಲುಮಣ್ಣಿನ ಪದರ, ಹತ್ತಲು ಅವರು ಆರು ಅಡಿ ಇಳಿಯಬೇಕಾಯಿತು. ನಾವು ನೋಡುತ್ತಿದ್ದ ಮನೆಯ ಬುನಾದಿ ಮೂರೂವರೆ ಅಡಿಗೆ ನಿಂತಿತ್ತೆಂದು ಅದನ್ನು ಕಟ್ಟಿದ ಗೌಂಡಿಯೇ ಒಪ್ಪಿಕೊಂಡರು. ಹೊಸ ಬಡಾವಣೆಗಳೆಲ್ಲ ಹೀಗೆ ಎಂದು ನಾನು ಹೇಳುತ್ತಿಲ್ಲ. ಗರಸಿನವರೆಗೆ ತೋಡಿ ಕಟ್ಟಿದ್ದರೆ ಅದೇ ಜಾಗದಲ್ಲಿ ಮನೆ ಗಟ್ಟಿಯಾಗಿಯೇ ನಿಲ್ಲುತ್ತಿತ್ತು.

ಅಲ್ಲಿಗೆ ಮಾಳಿಗೆ ಮನೆಯೇ ಗೆದ್ದಿತೆಂದು ಮುಂಗಡ ಕೊಡಲು ಸಿದ್ಧನಾಗಿದ್ದೆ. ಆಗ ನಮ್ಮ ಓಣಿಯ ಹಿರಿಯರೊಬ್ಬರು, "ಮ್ಯಾಲ ಕಟ್ಟಾಕ ಪರವಾನಗಿ ಸಿಗತೈತೇನು, ಮೊದಲ ಅದನ್ನ ಕೇಳ್ರಿ" ಎಂದರು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು ದುರಸ್ತಿ ಅಥವಾ ನವೀಕರಣ ಮಾಡಬಹುದು, ಅದೂ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಆದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಬೇಕು. ಮೀರಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ದಲಾಲರು ಮಸೀದಿಯಿಂದ ಮನೆಗೆ ನೂರಾ ಐವತ್ತು ಮೀಟರ್ ಎಂದಿದ್ದರು. ಅವರು ಅಳೆದದ್ದು ಮಸೀದಿಯ ಗುಮ್ಮಟದಿಂದ. ಕಾಯ್ದೆಯ ಅಳತೆ ಶುರುವಾಗುವುದು ಸಂರಕ್ಷಿತ ಪ್ರದೇಶದ ಗಡಿಯಿಂದ, ಎಂದರೆ ಆವರಣದ ಅಂಚಿನಿಂದ. ನಾನು ಮಗನೊಂದಿಗೆ ಟೇಪು ಹಿಡಿದು ಅಳೆದಾಗ ಮನೆಯ ಹಿತ್ತಲು ನೂರರ ಒಳಗೇ ಬಂತು. ಅಷ್ಟೇ ಅಲ್ಲ, ಇನ್ನೊಂದು ದಿಕ್ಕಿನಲ್ಲಿ, ಪ್ರವಾಸಿಗರು ಯಾರೂ ಹೋಗದ ಸಣ್ಣ ಸ್ಮಾರಕವೊಂದು ಅದಕ್ಕಿಂತ ಹತ್ತಿರವಿತ್ತು. ಕಾಯ್ದೆಗೆ ಗೋಳಗುಮ್ಮಟವೂ ಒಂದೇ, ಅದೂ ಒಂದೇ. ಆದಿಲ್‌ಶಾಹಿಗಳ ಕಾಲದ ಕೋಟೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್, ಅದರ ಒಳಗೂ ಹೊರಗೂ ಇಂಥ ಹತ್ತಾರು ಸ್ಮಾರಕಗಳಿವೆ. ಆದ್ದರಿಂದ "ಕೋಟೆಯ ಒಳಗೆ", "ಕೋಟೆಯ ಹೊರಗೆ" ಎಂದು ನಾವು ಮಾಡಿಕೊಂಡಿದ್ದ ಹೋಲಿಕೆಯೇ ತಪ್ಪಾಗಿತ್ತು. ಒಂದೇ ಓಣಿಯ ಎರಡು ತುದಿಗಳಿಗೆ ಎರಡು ನಿಯಮಗಳಿದ್ದವು.

ಅದನ್ನು ತಿಳಿದ ಮೇಲೆ ನಾವು ಓಣಿಯನ್ನು ಬಿಡದೆ ಮನೆಯನ್ನಷ್ಟೇ ಬದಲಿಸಿದೆವು. ನಾಲ್ಕು ಸಂದಿ ದಾಟಿ, ಎಲ್ಲ ಸ್ಮಾರಕಗಳ ಗಡಿಯಿಂದಲೂ 100 ಮೀಟರ್ ಆಚೆ, ನಿಯಂತ್ರಿತ ಪ್ರದೇಶದಲ್ಲಿ ಇನ್ನೊಂದು ಮಾಳಿಗೆ ಮನೆ ಸಿಕ್ಕಿತು. ಮೊದಲಿನದಕ್ಕಿಂತ ಚಿಕ್ಕದು, ತೊಲೆಗಳು ಸಾಗವಾನಿಯವು, ಒಂದು ಮೂಲೆಯ ಮಾಳಿಗೆ ಮಾತ್ರ ಸೋರುತ್ತಿತ್ತು. ಗಿರಣಿಗೆ ಅವ್ವನ ನಡಿಗೆಯಲ್ಲಿ ಐದು ನಿಮಿಷ.

ಹಳೆಯ ಮನೆಯ ಕಾಗದಗಳಿಗೆ ಬೇಕಾದ ತಾಳ್ಮೆ ಹೊಸ ಬಡಾವಣೆಯಲ್ಲಿ ಬೇಕಾಗುವುದಿಲ್ಲ. ಅಲ್ಲಿ ಎನ್‌ಎ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆ ಮಂಜೂರಾತಿ, ಇ-ಖಾತೆ ಇವು ಕೂಡಿದರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟ. ಇಲ್ಲಿ ಸಿಟಿ ಸರ್ವೆಯ ಉತಾರದಲ್ಲಿ (ಮಾಲೀಕರ ಹೆಸರಿರುವ ದಾಖಲೆಯ ಪ್ರತಿಯಲ್ಲಿ) ತೀರಿಹೋದ ಅಜ್ಜನ ಹೆಸರೇ ಇತ್ತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪತ್ರ ಸಿಕ್ಕಿತು. ಅದರ ಹಿಂದಿನದನ್ನು ಉಪನೋಂದಣಿ ಕಚೇರಿಗೆ ಅರ್ಜಿ ಕೊಟ್ಟು ಹಳೆಯ ಪುಸ್ತಕಗಳಿಂದ ತೆಗೆಸಿದೆ. ಮಾರುವವರು ಮೂವರು ಅಣ್ಣತಮ್ಮಂದಿರು. ಸಹಿ ಮಾಡಲು ಮೂವರೂ ತಯಾರಿದ್ದರು. ಆದರೆ ಮದುವೆಯಾಗಿ ಜಮಖಂಡಿಯಲ್ಲಿದ್ದ ಅವರ ಅಕ್ಕನಿಗೂ ಪಾಲಿದೆ ಎಂದು ನಮ್ಮ ವಕೀಲರು ಪಟ್ಟು ಹಿಡಿದರು. ಆ ತಾಯಿ ಖುದ್ದಾಗಿ ಬಂದು, ತನ್ನ ಪಾಲಿನ ಹಣ ಪಡೆದು ಖರೀದಿ ಪತ್ರಕ್ಕೆ ಸಹಿ ಮಾಡುವವರೆಗೆ ನಾವು ಎರಡು ತಿಂಗಳು ಕಾದೆವು. ಅದನ್ನು ನಾನು ಕಳೆದ ಸಮಯವೆಂದು ಎಣಿಸುವುದಿಲ್ಲ. ಬ್ಯಾಂಕಿನವರು ಕಟ್ಟಡದ ವಯಸ್ಸು ನೋಡಿ ನಾವು ಎಣಿಸಿದ್ದಕ್ಕಿಂತ ಕಡಿಮೆ ಸಾಲ ಕೊಟ್ಟರು. ಉಳಿದದ್ದಕ್ಕೆ ಹೆಂಡತಿಯ ಬಂಗಾರ ಅಡವಿಡಬೇಕಾಯಿತು.

ಖರೀದಿಯಾದ ತಿಂಗಳಲ್ಲೇ ಮೇಲಿನ ಕೋಣೆಗೂ ಹಿತ್ತಲಿನ ಬಚ್ಚಲಿಗೂ ಸೇರಿಸಿ ನಕ್ಷೆ, ಎತ್ತರದ ವಿವರ, ಮನೆಯ ಫೋಟೋಗಳೊಂದಿಗೆ ಅನುಮತಿಗೆ ಅರ್ಜಿ ಹಾಕಿದೆವು. ಆರನೆಯ ತಿಂಗಳು ಅನುಮತಿ ಬಂತು, ಎತ್ತರಕ್ಕೆ ಮಿತಿ ಹಾಕಿ. ಮಗನಿಗೆಂದು ಅಂದುಕೊಂಡಿದ್ದ ಎರಡು ಕೋಣೆಗಳ ಬದಲು ಒಂದೇ ಕೋಣೆ ಕಟ್ಟಿಸಿದೆವು, ಸೋರುತ್ತಿದ್ದ ಮೂಲೆಯ ಮಣ್ಣು ತೆಗೆಸಿ ಹೊಸ ಜಂತೆ ಹಾಕಿಸಿದೆವು. ಅವ್ವ ಈಗ ಜೋಳದ ಚೀಲ ಹಿಡಿದು ತಾನೇ ಗಿರಣಿಗೆ ಹೋಗಿ ಬರುತ್ತಾಳೆ.