ರ‍್ಯಾಂಕ್ 24, ಸೀಡ್ 12: ಕಾಲೇಜು ಫುಟ್‌ಬಾಲ್ ಬ್ರಾಕೆಟ್ ಬರೆಯುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್‌ನಲ್ಲಿ ಆಡುವುದು 12 ತಂಡ. ಕಾನ್ಫರೆನ್ಸ್ (ಕಾಲೇಜು ತಂಡಗಳ ಲೀಗ್) ಗೆದ್ದ ತಂಡಕ್ಕೆ ಪ್ರವೇಶ ಸಿಗಬಹುದು. ಸೀಡ್, ಅಂದರೆ ಪ್ಲೇಆಫ್‌ನೊಳಗಿನ ಕ್ರಮಸಂಖ್ಯೆ, ಎಷ್ಟೆಂಬುದು ಮಾತ್ರ 2025ರಿಂದ ಪೂರ್ತಿ ರ‍್ಯಾಂಕಿಂಗ್ ಕೈಯಲ್ಲಿದೆ. 2025ರ ಪಟ್ಟಿಯನ್ನೇ ಇಟ್ಟುಕೊಂಡು ಬ್ರಾಕೆಟ್, ಅಂದರೆ ಯಾರಿಗೆ ಯಾರು ಎದುರು ಎಂಬ ನಕ್ಷೆ, ಬರೆಯೋಣ.

1. ಆಯ್ಕೆ ಸಮಿತಿಯ ಕೊನೆಯ 25ರ ಪಟ್ಟಿ ತೆಗೆದುಕೊಳ್ಳಿ. ಕಾನ್ಫರೆನ್ಸ್ ಫೈನಲ್‌ಗಳು ಮುಗಿದ ಮೇಲೆ, ಡಿಸೆಂಬರ್‌ನ ಭಾನುವಾರ ಬರುವ ಪಟ್ಟಿ ಅದು. ಹಿಂದಿನ ಮಂಗಳವಾರದ್ದಾಗಲಿ, ಪತ್ರಕರ್ತರ ಎಪಿ ಪೋಲ್ ಆಗಲಿ ಇಲ್ಲಿ ಲೆಕ್ಕಕ್ಕಿಲ್ಲ.

2. ಮೇಲಿನಿಂದ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಗುರುತು ಹಾಕಿ: ಇಂಡಿಯಾನಾ (1), ಜಾರ್ಜಿಯಾ (3), ಟೆಕ್ಸಸ್ ಟೆಕ್ (4), ಟುಲೇನ್ (20), ಜೇಮ್ಸ್ ಮ್ಯಾಡಿಸನ್ (24). ಹೆಚ್ಚಿನವರು ಎಡವುವುದು ಇಲ್ಲೇ. ದೊಡ್ಡ ಕಾನ್ಫರೆನ್ಸ್ ಗೆದ್ದವರಿಗೆಲ್ಲ ಜಾಗ ಖಚಿತ ಎಂದು ಆ ವರ್ಷದ ನಿಯಮ ಹೇಳಿರಲಿಲ್ಲ. ಎಸಿಸಿ ಎಂಬ ದೊಡ್ಡ ಕಾನ್ಫರೆನ್ಸ್ ಗೆದ್ದ ಡ್ಯೂಕ್ ಐದು ಪಂದ್ಯ ಸೋತಿತ್ತು, 25ರೊಳಗೂ ಇರಲಿಲ್ಲ. ಹಾಗಾಗಿ ಸನ್ ಬೆಲ್ಟ್ ಎಂಬ ಚಿಕ್ಕ ಕಾನ್ಫರೆನ್ಸ್‌ನ ಜೇಮ್ಸ್ ಮ್ಯಾಡಿಸನ್ ಒಳಗೆ ಬಂತು.

3. ಉಳಿದ ಏಳು ಜಾಗಕ್ಕೆ ಗುರುತು ಬೀಳದ ತಂಡಗಳನ್ನು ಮೇಲಿನಿಂದ ತುಂಬಿ. 10ನೇ ರ‍್ಯಾಂಕಿನ ಮಿಯಾಮಿ ಕೊನೆಯ ಜಾಗ ಪಡೆಯಿತು. ಇಬ್ಬರು ಚಾಂಪಿಯನ್‌ಗಳು 12ರ ಆಚೆಯಿಂದ ಬಂದದ್ದರಿಂದ ನೋಟರ್ ಡೇಮ್ (11), ಬಿವೈಯು (12) ಹೊರಬಿದ್ದವು.

4. ಆಯ್ದ ಹನ್ನೆರಡನ್ನು ರ‍್ಯಾಂಕಿನ ಕ್ರಮದಲ್ಲೇ ಜೋಡಿಸಿ. ಟುಲೇನ್‌ಗೆ 11, ಜೇಮ್ಸ್ ಮ್ಯಾಡಿಸನ್‌ಗೆ 12. ಮೊದಲ ನಾಲ್ವರಿಗೆ ಬೈ, ಅಂದರೆ ಅವರು ನೇರ ಕ್ವಾರ್ಟರ್‌ಫೈನಲ್‌ಗೆ. ಬಿಗ್ ಟೆನ್ ಕಾನ್ಫರೆನ್ಸ್‌ನ ಫೈನಲ್ ಸೋತ ಓಹಾಯೊ ಸ್ಟೇಟ್‌ಗೂ 2ನೇ ಸೀಡ್ ಸಿಕ್ಕಿತು.

2024ರಲ್ಲಿ ಬೈ ಚಾಂಪಿಯನ್‌ಗಳಿಗೆ ಮಾತ್ರ ಮೀಸಲಿತ್ತು. 9ನೇ ರ‍್ಯಾಂಕಿನ ಬಾಯ್ಸಿ ಸ್ಟೇಟ್ 3ನೇ ಸೀಡ್ ಆಯಿತು, 12ನೇ ರ‍್ಯಾಂಕಿನ ಅರಿಜೋನಾ ಸ್ಟೇಟ್ 4ನೇ ಸೀಡ್. 3ನೇ ರ‍್ಯಾಂಕಿನ ಟೆಕ್ಸಸ್ 5ಕ್ಕೆ ಇಳಿಯಿತು. ಇದರ ಬಿಸಿ ತಟ್ಟಿದ್ದು ಅಗ್ರ ತಂಡ ಒರೆಗಾನ್‌ಗೆ: ಕ್ವಾರ್ಟರ್‌ಫೈನಲ್‌ನಲ್ಲೇ ಎದುರಾದ 8ನೇ ಸೀಡ್ ಓಹಾಯೊ ಸ್ಟೇಟ್, ಅದನ್ನು ಸೋಲಿಸಿ ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಬೈ ಪಡೆದ ನಾಲ್ಕೂ ತಂಡ ಮೊದಲ ಪಂದ್ಯದಲ್ಲೇ ಸೋತವು. ಆ ನಿಯಮವನ್ನು 2025ರ ಪಟ್ಟಿಗೆ ಹಚ್ಚಿ ನೋಡಿ: ಟುಲೇನ್ 4, ಓಹಾಯೊ ಸ್ಟೇಟ್ 5! ಬದಲಿಸಿದ್ದು ಸರಿಯೇ.

5. ಈಗ ಜೋಡಿ: 5–12, 6–11, 7–10, 8–9. ಎರಡು ಸೀಡ್ ಕೂಡಿದರೆ 17 ಬರದಿದ್ದರೆ ಎಲ್ಲೋ ತಪ್ಪಿದೆ. ಈ ಪಂದ್ಯಗಳು ಮೇಲಿನ ಸೀಡ್‌ನ ತವರಿನಲ್ಲಿ. 8–9ರ ವಿಜೇತರನ್ನು 1ರ ಎದುರು, 7–10ರವರನ್ನು 2ರ ಎದುರು, 6–11ರವರನ್ನು 3ರ ಎದುರು, 5–12ರವರನ್ನು 4ರ ಎದುರು ಬರೆಯಿರಿ. ಸೆಮಿಫೈನಲ್‌ನಲ್ಲಿ 1ರ ಗುಂಪಿಗೆ 4ರ ಗುಂಪು, 2ಕ್ಕೆ 3.

ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನೋಡುವವರು ಸುತ್ತು ಮುಗಿದಂತೆ ಸೀಡ್ ಮರುಜೋಡಿಸುತ್ತಾರೆ. ಇಲ್ಲಿ ಹಾಗಿಲ್ಲ, ಒಮ್ಮೆ ಎಳೆದ ಗೆರೆ ಕೊನೆವರೆಗೂ ಅದೇ. ಹಿಂದೆ ಆಡಿದವರೇ ಮತ್ತೆ ಎದುರಾದರೂ ಸಮಿತಿ ಸೀಡ್ ಅದಲುಬದಲು ಮಾಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಓಲ್ ಮಿಸ್ ಎದುರು ಸೋತಿದ್ದ ಟುಲೇನ್, ಡಿಸೆಂಬರ್‌ನಲ್ಲಿ 6–11ರ ಪಂದ್ಯಕ್ಕೆ ಅದೇ ಅಂಗಣಕ್ಕೆ ಹೋಗಬೇಕಾಯಿತು.