ರಾತ್ರಿಯಿಡೀ ಕಾಯಬೇಕಿಲ್ಲ: ಯಾಕ್-52ರ ಗಾಳಿ ಸೋರಿಕೆ ಹಿಡಿದ ಬಗೆ

ನಮ್ಮ ಯಾಕ್-52, ಸೋವಿಯತ್ ವಿನ್ಯಾಸದ ಎರಡು ಸೀಟಿನ ತರಬೇತಿ ವಿಮಾನ, ಗಾಳಿಯ ಒತ್ತಡದಿಂದ ಕೆಲಸ ಮಾಡುವಂಥದು. ಸಂಜೆ 50 ಕೆಜಿ (ಅಂದರೆ ಚದರ ಸೆಂಟಿಮೀಟರಿಗೆ 50 ಕೆಜಿ ಒತ್ತಡ) ತೋರಿಸುತ್ತಿದ್ದ ಗಾಳಿಯ ಮೇನ್ ಬಾಟಲಿ ಬೆಳಿಗ್ಗೆ 20ಕ್ಕೆ ಇಳಿದಿರುತ್ತಿತ್ತು. ಹ್ಯಾಂಗರ್‌ನಲ್ಲಿ ಸಲಹೆಗೆ ಬರವಿರಲಿಲ್ಲ. ಕಂಪ್ರೆಸರ್ ಬದಲಿಸಿ ಅಂದವರು ಕೆಲವರು, ಮೂಗಿನಿಂದ ಬಾಲದವರೆಗೆ ಎಲ್ಲ ಸೀಲ್ ಕಿತ್ತು ಹೊಸದು ಹಾಕಿಸಿ ಅಂದವರು ಕೆಲವರು, ಹಳೇ ಯಾಕ್ ಅಂದರೆ ಇಷ್ಟೇ ಎಂದು ಕೈ ತೊಳೆದುಕೊಂಡವರು ಉಳಿದವರು. ಮೂರನ್ನೂ ಮಾಡಲಿಲ್ಲ. ಈಗ ಅದೇ ಬಾಟಲಿ ವಾರಗಟ್ಟಲೆ ನಿಂತರೂ 40ರ ಆಸುಪಾಸಿನಲ್ಲೇ ಇರುತ್ತದೆ. ಆವತ್ತು ನಕ್ಕವರಲ್ಲಿ ಇಬ್ಬರು ನನ್ನ ಗೇಜ್ ಹೋಸನ್ನು ಎರವಲು ಒಯ್ದಿದ್ದಾರೆ.

ವಿಮಾನ ರೊಮೇನಿಯಾದ ಬಕಾವ್‌ನಲ್ಲಿ ಕಟ್ಟಿದ್ದು, ಎಂಜಿನ್ ಒಂಬತ್ತು ಸಿಲಿಂಡರಿನ ಎಂ-14ಪಿ, ಈಗ ಇರುವುದು ಇಂಗ್ಲೆಂಡಿನ ಒಂದು ಹುಲ್ಲು ರನ್‌ವೇಯಲ್ಲಿ. 2015ರ ಏರೋ ಇಂಡಿಯಾದಲ್ಲಿ ಯಲಹಂಕದ ಮೇಲೆ ಹಾರಿದ ಯಾಕ್‌ಗಳನ್ನು ನೋಡಿದವರಿಗೆ ಸ್ಟಾರ್ಟ್ ಆಗುವಾಗಿನ ಆ 'ಟುಸ್' ಸದ್ದು ನೆನಪಿರಬಹುದು. ಸ್ಟಾರ್ಟಿಂಗ್, ಚಕ್ರ, ಫ್ಲಾಪ್, ಬ್ರೇಕ್ ಎಲ್ಲಕ್ಕೂ ಅದೇ ಗಾಳಿ: 11 ಲೀಟರಿನ ಮೇನ್ ಬಾಟಲಿ, 3 ಲೀಟರಿನ ಎಮರ್ಜೆನ್ಸಿ ಬಾಟಲಿ. ಇದಕ್ಕಿಂತ ಹೆಚ್ಚಿನ ಪೀಠಿಕೆ ಈ ಕೆಲಸ ಮಾಡುವವರಿಗೆ ಬೇಡ.

ಮೊದಲು ಸೋರಿಕೆಯಲ್ಲದ್ದನ್ನು ಲೆಕ್ಕದಿಂದ ತೆಗೆಯಬೇಕು. ಹವೆ 10 ಡಿಗ್ರಿ ತಣ್ಣಗಾದರೆ 50 ಕೆಜಿಯಲ್ಲಿ ಪೌನೆ ಎರಡು ಕೆಜಿ ಹಾಗೇ ಮಾಯ. ಹಾರಿ ಇಳಿದ ಕೂಡಲೇ ನೋಡಿದ ಅಂಕಿಗೆ ಬೆಲೆಯೇ ಇಲ್ಲ, ಬಾಟಲಿಯೊಳಗಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಗಂಟೆಯಾದರೂ ಬಿಟ್ಟು, ಬಾಟಲಿಗೆ ಟೇಪಿನಿಂದ ಒಂದು ಥರ್ಮಾಮೀಟರ್ ಅಂಟಿಸಿ, ಅಂಕಿ ಮತ್ತು ಡಿಗ್ರಿ ಎರಡನ್ನೂ ಬರೆದಿಡಿ. ಕಾಕ್‌ಪಿಟ್ ಗೇಜಿನಲ್ಲಿ ಒಂದು ಕೆಜಿ ವ್ಯತ್ಯಾಸ ಕಣ್ಣಿಗೆ ನಿಲ್ಲುವುದಿಲ್ಲ. ಡಿಜಿಟಲ್ ಗೇಜ್ ಬೇಕು. ಅದನ್ನು ಚಾರ್ಜಿಂಗ್ ಪಾಯಿಂಟಿಗೆ ಸಿಕ್ಕಿಸಿ ಬಾಟಲಿಯ ಒತ್ತಡ ನೋಡುತ್ತೇನೆ ಎನ್ನುವವರು ಒಂದು ಮರೆಯುತ್ತಾರೆ: ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಇದೆ, ಅಲ್ಲಿ ಕಾಣುವುದು ಹೊರಗಿನ ಹೋಸಿನ ಒತ್ತಡ ಮಾತ್ರ. ಕಾಕ್‌ಪಿಟ್ ಗೇಜಿಗೆ ಹೋಗುವ ಪೈಪಿನಲ್ಲಿ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಅಲ್ಲಿಂದ ಓದಿ. ಹಾಕುವ ಮುನ್ನ ಆ ಜಾಗ ಮೇನ್ ವಾಲ್ವಿನ (ಬಾಟಲಿಯಿಂದ ಉಳಿದ ಪೈಪುಗಳಿಗೆ ಗಾಳಿ ಬಿಡುವ ವಾಲ್ವ್) ಯಾವ ಬದಿಗಿದೆ ಎಂದು ಪೈಪ್ ಹಿಡಿದು ಖಾತ್ರಿ ಮಾಡಿಕೊಳ್ಳಿ.

ಇನ್ನು ಲೆಕ್ಕ. 11 ಲೀಟರ್ ಬಾಟಲಿಯಲ್ಲಿ ಒಂದು ಕೆಜಿ ಇಳಿಯಿತೆಂದರೆ ಹೊರಗಿನ ಹವೆಯ 11 ಲೀಟರ್ ಗಾಳಿ ಹೋಯಿತು. 50ರಿಂದ 20ಕ್ಕೆ ಇಳಿದದ್ದರಲ್ಲಿ ಚಳಿಯ ಎರಡು ಕೆಜಿ ಕಳೆದರೆ 28 ಕೆಜಿ, ಅಂದರೆ ಸುಮಾರು 308 ಲೀಟರ್. ಹನ್ನೆರಡು ಗಂಟೆಗೆ ಹಂಚಿದರೆ ನಿಮಿಷಕ್ಕೆ 430 ಸಿಸಿ. ಒತ್ತಡ ಇಳಿದಂತೆ ಸೋರಿಕೆಯೂ ಇಳಿಯುವುದರಿಂದ ಇದು ಸರಾಸರಿ. ಮರುದಿನ ಮೇನ್ ವಾಲ್ವ್ ಮುಚ್ಚಿಟ್ಟು ನೋಡಿದರೆ 50ರಿಂದ 42ಕ್ಕೆ ನಿಂತಿತು. ಚಳಿ ಕಳೆದು ಅದರ ಪಾಲು ನಿಮಿಷಕ್ಕೆ ಸುಮಾರು 100 ಸಿಸಿ. ಬಾಟಲಿ ಬದಿಯಲ್ಲಿ 100, ಮೇನ್ ವಾಲ್ವಿನಾಚೆಯ ಪೈಪುಗಳ ಬದಿಯಲ್ಲಿ 330. ಕಂಪ್ರೆಸರ್ ಬದಲಿಸಿದ್ದರೆ ಈ ಎರಡು ಅಂಕಿಗಳಲ್ಲಿ ಒಂದೂ ಅಲುಗುತ್ತಿರಲಿಲ್ಲ.

ಎರಡು ಮುಳ್ಳುಗಳೂ, ಅಂದರೆ ಮೇನ್ ಮತ್ತು ಎಮರ್ಜೆನ್ಸಿ, ಜೊತೆಜೊತೆಯಾಗಿ ಇಳಿಯುತ್ತಿದ್ದರೆ ಎಮರ್ಜೆನ್ಸಿ ಬಾಟಲಿಯ ನಾನ್-ರಿಟರ್ನ್ ವಾಲ್ವ್ ಹಿಂದಕ್ಕೆ ಬಿಡುತ್ತಿದೆ. ಇದಕ್ಕೆ ಬೇರೆ ಪರೀಕ್ಷೆ ಬೇಡ. ಇದನ್ನು ಮುಂದೂಡಲೂ ಬೇಡಿ, ಚಕ್ರ ಇಳಿಸಲು ಉಳಿಯುವ ಕೊನೆಯ ಗಾಳಿ ಅದೇ.

ಎಲ್ಲರೂ ತಪ್ಪುವುದು ಮುಂದಿನ ಹಂತದಲ್ಲಿ. ಒಂದು ಭಾಗ ಬದಲಿಸು, ರಾತ್ರಿ ಬಿಡು, ಬೆಳಿಗ್ಗೆ ನೋಡು, ಮತ್ತೊಂದು ಬದಲಿಸು. ಹೀಗೆ ಮಾಡಿದರೆ ಮಳೆಗಾಲ ಕಳೆದರೂ ಮುಗಿಯುವುದಿಲ್ಲ. ಸೋರಿಕೆ ಅಷ್ಟೇ ಇರಲಿ, ಪಾತ್ರೆ ಚಿಕ್ಕದಾದರೆ ಮುಳ್ಳು ಬೇಗ ಇಳಿಯುತ್ತದೆ. ನಿಮಿಷಕ್ಕೆ 30 ಸಿಸಿ ಸೋರುವ ವಾಲ್ವಿಗೆ 11 ಲೀಟರ್ ಬಾಟಲಿಯನ್ನು ಎರಡು ಕೆಜಿ ಇಳಿಸಲು ಇಡೀ ರಾತ್ರಿ ಬೇಕು, 100 ಸಿಸಿ ಹೋಸನ್ನು ಅಷ್ಟೇ ಇಳಿಸಲು ಆರೂವರೆ ನಿಮಿಷ ಸಾಕು. ಇಷ್ಟು ಸರಳ ಲೆಕ್ಕವನ್ನು 'ಪುಸ್ತಕದ ಮಾತು' ಎಂದು ತಳ್ಳಿಹಾಕಿದವರಿದ್ದಾರೆ.

8 ಮಿಮೀ ಒಳವ್ಯಾಸದ ಹೈ-ಪ್ರೆಶರ್ ಹೋಸ್ ಎರಡು ಮೀಟರ್ ತೆಗೆದುಕೊಂಡರೆ ಒಳಗಿನ ಜಾಗ ಸರಿಸುಮಾರು 100 ಸಿಸಿ. ಒಂದು ತುದಿಗೆ ಬಾಲ್ ವಾಲ್ವ್, ಅದರಾಚೆ ರೆಗ್ಯುಲೇಟರ್, ಅದರಾಚೆ ಡೈವಿಂಗ್ ಬಾಟಲಿ. ಇನ್ನೊಂದು ತುದಿಗೆ ಡಿಜಿಟಲ್ ಗೇಜಿನ ಟೀ ಮತ್ತು ಪರೀಕ್ಷಿಸಬೇಕಾದ ಭಾಗ. ಡೈವಿಂಗ್ ಬಾಟಲಿಯಲ್ಲಿ 200 ಬಾರ್ ಮೇಲಿರುತ್ತದೆ. ರೆಗ್ಯುಲೇಟರ್ ಕೈಕೊಟ್ಟರೆ ಅದಷ್ಟೂ ನಿಮ್ಮ ಹಳೇ ವಾಲ್ವಿಗೆ ನುಗ್ಗುತ್ತದೆ. ಆದ್ದರಿಂದ ನಡುವೆ 55ಕ್ಕೆ ಕಟ್ಟಿದ ಸೇಫ್ಟಿ ವಾಲ್ವ್ ಕಡ್ಡಾಯ. ಮೊದಲು ತುದಿಗೆ ಬ್ಲ್ಯಾಂಕ್ ಕ್ಯಾಪ್ ಬಿಗಿದು ಹೋಸನ್ನೇ ಪರೀಕ್ಷಿಸಿ. ಹತ್ತು ನಿಮಿಷದಲ್ಲಿ ಮುಳ್ಳು ಅಲುಗಬಾರದು. ತುಂಬಿದ ಕೂಡಲೇ ಒಂದೆರಡು ಕೆಜಿ ಇಳಿಯುವುದು ಸೋರಿಕೆಯಲ್ಲ, ಒತ್ತಿದ ಗಾಳಿಯ ಬಿಸಿ ಆರುವುದು. ಮೂರು ನಿಮಿಷ ಬಿಟ್ಟು ಮತ್ತೆ 50ಕ್ಕೆ ತಂದು ಆಮೇಲೆ ಗಡಿಯಾರ ನೋಡಿ. ಆಕ್ಚುಯೇಟರ್ (ಚಕ್ರ, ಫ್ಲಾಪ್ ಆಡಿಸುವ ಗಾಳಿ ಸಿಲಿಂಡರ್) ಪರೀಕ್ಷಿಸುವಾಗ ಅದರ ಹೊಟ್ಟೆಯ ಜಾಗವನ್ನೂ ಲೆಕ್ಕಕ್ಕೆ ಸೇರಿಸಬೇಕು, ಇಲ್ಲದಿದ್ದರೆ ಸೋರುವುದೂ ಒಳ್ಳೆಯದಾಗಿ ಕಾಣುತ್ತದೆ.

ರಷ್ಯನ್ ಫಿಟ್ಟಿಂಗ್‌ಗಳು ಮೆಟ್ರಿಕ್ ಫೈನ್ ಥ್ರೆಡ್. ಅಡಾಪ್ಟರ್ ಮತ್ತು ಬ್ಲ್ಯಾಂಕ್ ಕ್ಯಾಪುಗಳನ್ನು ಲೇತಿನಲ್ಲಿ ಮಾಡಿಸಿಕೊಳ್ಳುವುದೇ ದಾರಿ. ಥ್ರೆಡ್ಡಿಗೆ ಪ್ಲಂಬರ್ ಟೇಪ್ ಸುತ್ತಬೇಡಿ. ಸೀಲ್ ಆಗುವುದು ಕೋನ್ ಮುಖದಲ್ಲಿ, ಥ್ರೆಡ್ಡಿನಲ್ಲಲ್ಲ. ಟೇಪಿನ ಚೂರು ಹೋಗಿ ಕೂರುವುದು ಯಾವುದೋ ನಾನ್-ರಿಟರ್ನ್ ವಾಲ್ವಿನ ಸೀಟಿನ ಮೇಲೆ.

ಸೋಪು ನೀರಿನ ಬಗ್ಗೆ ಎರಡು ಮಾತು. ಹೊರಗೆ ಸೋರುವ ಯೂನಿಯನ್, ಹೋಸ್ ತುದಿಗಳಿಗೆ ಅದು ಸರಿ (ಆಮೇಲೆ ತೊಳೆದು ಒರೆಸಿ, ಅಲ್ಯೂಮಿನಿಯಂ ಮೇಲೆ ಒಣಗಲು ಬಿಡಬೇಡಿ). ಆದರೆ ದೊಡ್ಡ ಕಳ್ಳರು ಒಳಗೊಳಗೇ ಸೋರುತ್ತಾರೆ. ಪಿಸ್ಟನ್ ಸೀಲ್ ದಾಟಿದ ಗಾಳಿ ಆಚೆ ಬದಿಯ ಪೈಪ್ ಹಿಡಿದು ಸೆಲೆಕ್ಟರಿನ (ಲಿವರಿಗೆ ತಕ್ಕಂತೆ ಗಾಳಿಯ ದಾರಿ ಬದಲಿಸುವ ವಾಲ್ವ್) ವೆಂಟಿನಿಂದ ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಇಡೀ ವಿಮಾನಕ್ಕೆ ಸೋಪು ಬಳಿದರೂ ಒಂದು ಗುಳ್ಳೆ ಏಳುವುದಿಲ್ಲ.

ಅದಕ್ಕೆ ಗ್ಲಾಸು. ವೆಂಟಿಗೆ ಅಕ್ವೇರಿಯಂ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಗಾಜಿನ ಲೋಟದ ನೀರಿನಲ್ಲಿ ಒಂದು ಬೆರಳಷ್ಟು ಮುಳುಗಿಸಿ. ಚಕ್ರದ ಲಿವರ್ ಡೌನ್‌ನಲ್ಲಿರುವಾಗ ಗುಳ್ಳೆ ಬಂದು, ನ್ಯೂಟ್ರಲ್‌ನಲ್ಲಿ ನಿಂತರೆ ತಪ್ಪು ಆಕ್ಚುಯೇಟರಿನದು. ನ್ಯೂಟ್ರಲ್‌ನಲ್ಲೂ ಬಂದರೆ ಸೆಲೆಕ್ಟರಿನದೇ. ಸೆಕೆಂಡಿಗೆ ಒಂದೆರಡು ಬಟಾಣಿ ಗಾತ್ರದ ಗುಳ್ಳೆಗಳನ್ನು ನಾನು ನಿಮಿಷಕ್ಕೆ 30 ಸಿಸಿ ಸುಮಾರು ಎಂದು ಹಿಡಿಯುತ್ತೇನೆ. ಎಣಿಸಲಾಗದಷ್ಟು ಬಂದರೆ ಲೋಟದ ಬದಲು ನೀರು ತುಂಬಿ ಬೋರಲು ಹಾಕಿದ ಅಳತೆ ಜಾಡಿಯಲ್ಲಿ ಗಾಳಿ ಹಿಡಿಯಿರಿ. ಹಿಂದಿನ ಕಾಕ್‌ಪಿಟ್ಟಿನ ಲಿವರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಮುಂದಿನ ಲಿವರ್ ಆಡಿಸಿದ್ದೆಲ್ಲ ವ್ಯರ್ಥ.

ಯಾವ ಆಕ್ಚುಯೇಟರ್ ಎಂದು ಕಂಡುಹಿಡಿಯಲು ವಿಮಾನ ಜ್ಯಾಕಿನ ಮೇಲಿರಬೇಕು, ಪೈಪ್ ಬಿಚ್ಚುವ ಮುನ್ನ ಮೇನ್ ಮುಚ್ಚಿ ಲೈನ್ ಸೊನ್ನೆಗೆ ಇಳಿದಿರಬೇಕು, ಚಕ್ರದ ದಾರಿಯಲ್ಲಿ ಯಾರ ಕೈಯೂ ಇರಬಾರದು. 50 ಕೆಜಿ ಗಾಳಿಗೆ ಬೆರಳಿನ ಮುಲಾಜಿಲ್ಲ. ಮೂರೂ ಆಕ್ಚುಯೇಟರುಗಳ ಅಪ್ ಬದಿಯ ಪೈಪ್ ಬಿಚ್ಚಿ, ಡೌನ್ ಬದಿಗೆ ಗಾಳಿ ಕೊಟ್ಟು, ತೆರೆದ ತೂತಿಗೆ ಲೋಟದ ಟ್ಯೂಬ್ ಸಿಕ್ಕಿಸಿದರೆ ಹೆಸರು ಸಿಗುತ್ತದೆ.

ನಮ್ಮ ವಿಮಾನದಲ್ಲಿ ಮೂರರ ಪಿಸ್ಟನ್ ಸೀಲೂ ಚೆನ್ನಾಗಿಯೇ ಇದ್ದವು. ಆಗಲೇ 'ನಿನ್ನ ಲೋಟದ ವಿದ್ಯೆ ಇಷ್ಟೇ' ಎಂಬ ಮಾತು ಬಂದದ್ದು. ಗಾಳಿ ಹೋಗಲು ಮೂರನೆಯ ದಾರಿಯೊಂದಿದೆ: ಮೇನ್ ಗಾಳಿ, ಎಮರ್ಜೆನ್ಸಿ ಗಾಳಿ ಎರಡೂ ಸೇರುವ ಶಟಲ್ ವಾಲ್ವ್. ಅದರ ಎಮರ್ಜೆನ್ಸಿ ಬದಿಯ ಪೈಪ್ ಬಿಚ್ಚಿ ಟ್ಯೂಬ್ ಹಾಕಿದಾಗ ಬಲ ಚಕ್ರದ್ದು ಲೋಟದ ನೀರನ್ನೇ ಹೊರಗೆ ಚೆಲ್ಲಿತು. 100 ಸಿಸಿ ಹೋಸಿಗೆ ಕಟ್ಟಿದರೆ ನಿಮಿಷಕ್ಕೆ ಎರಡೂವರೆ ಕೆಜಿ ಇಳಿತ, ಅಂದರೆ 250 ಸಿಸಿ. ಫ್ಲಾಪ್ ಸೆಲೆಕ್ಟರಿನಲ್ಲಿ ಇನ್ನೊಂದು 60. ಬಾಟಲಿ ಬದಿಯ 100 ಪೂರ್ತಿಯಾಗಿ ಚಾರ್ಜಿಂಗ್ ನಾನ್-ರಿಟರ್ನ್ ವಾಲ್ವಿನದು. ಸೀಟಿನ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಕಣ, ಅದು ಕೂತ ಜಾಗದಲ್ಲಿ ಉಗುರಿಗೆ ಸಿಗುವಂಥ ಗೆರೆ. ಆ ಸೀಟನ್ನು ಯಾವುದರಿಂದ ಉಜ್ಜಿ ಸರಿಮಾಡಿದೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಹೋಸ್ ಎರವಲು ಒಯ್ದವರು ವಾಪಸ್ ತಂದಾಗ ಹೇಳುತ್ತೇನೆ.

ಒ-ರಿಂಗ್, ಅಂದರೆ ಸೀಲ್ ಮಾಡುವ ರಬ್ಬರ್ ಬಳೆ, ಇದರ ವಿಷಯದಲ್ಲಿ ಮಾತ್ರ ಯಾವುದನ್ನೂ ಮುಚ್ಚಿಡುವುದಿಲ್ಲ, ಯಾಕೆಂದರೆ ಹಳೇ ಯಾಕ್‌ಗಳ ಅರ್ಧ ಸಂಕಟ ಇಲ್ಲೇ. ಸೋವಿಯತ್ ಅಳತೆಯ ದಪ್ಪ 1.9, 2.5, 3.6 ಮಿಮೀ. ಅಂಗಡಿಯಲ್ಲಿ ಸಿಗುವ ಅಮೆರಿಕನ್ ಅಳತೆ 1.78, 2.62, 3.53. ಕೈಯಲ್ಲಿ ಹಿಡಿದರೆ ಒಂದೇ. 1.9ರ ತೋಡಿನಲ್ಲಿ 1.78 ಕೂರಿಸಿದರೆ ಬೇಸಿಗೆಯಲ್ಲಿ ಹಿಡಿಯುತ್ತದೆ, ಚಳಿಗೆ ರಬ್ಬರ್ ಕುಗ್ಗಿದಾಗ ಬಿಡುತ್ತದೆ. 2.5ರಲ್ಲಿ 2.62 ತುರುಕಿದರೆ ಸೋರುವುದಿಲ್ಲ, ಆದರೆ ಪಿಸ್ಟನ್ ಬಿಗಿಯಾಗಿ ಒಂದು ಚಕ್ರ ಉಳಿದೆರಡಕ್ಕಿಂತ ನಿಧಾನ ಏಳುತ್ತದೆ. ನಮ್ಮ ಶಟಲಿನಲ್ಲಿ ಹಿಂದಿನವರು ಯಾರೋ ಹಾಕಿದ್ದು ಇಂಥ 1.78. ಸರಿಯಾದ ಅಳತೆಯ ನೈಟ್ರೈಲ್ ರಬ್ಬರ್, ಗಡಸುತನ 70 ಶೋರ್, ಅಷ್ಟೇ ಸಾಕು. ವಿಟಾನ್ ರಬ್ಬರ್ ದುಬಾರಿ ಎಂಬ ಕಾರಣಕ್ಕೇ ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ಚಳಿಯಲ್ಲಿ ಅದು ಮರಗಟ್ಟುತ್ತದೆ, ಫ್ಲಾಪ್ ಸೆಲೆಕ್ಟರಿನಲ್ಲಿ ಪ್ರಯತ್ನಿಸಿ ಡಿಸೆಂಬರಿನಲ್ಲಿ ಕಿತ್ತು ಬಿಸಾಡಿದ್ದಾಯಿತು. ಸಿಲಿಕೋನ್ ರಿಂಗ್ ಅಲುಗಾಡುವ ಜಾಗದಲ್ಲಿ ಸವೆದು ಪುಡಿಯಾಗುತ್ತದೆ. ಗ್ರೀಸ್ ಸಿಯಾಟಿಮ್-221 ಅಥವಾ ಮೊಲಿಕೋಟ್ 55. ಎರಡನೆಯದು ನೈಟ್ರೈಲನ್ನು ಒಂಚೂರು ಉಬ್ಬಿಸುತ್ತದೆ, ಸೊರಗಿದ ಸೀಲ್ ಒಂದು ಸೀಸನ್ ದಾಟಿಸಲು ಅದೂ ಉಪಯೋಗಕ್ಕೆ ಬರುತ್ತದೆ.

ದುಡ್ಡು: ಓವರ್‌ಹಾಲ್ ಮಾಡಿದ ಕಂಪ್ರೆಸರಿಗೆ ಕೇಳಿದ್ದು 700 ಪೌಂಡ್ ಆಸುಪಾಸು, ಎಲ್ಲ ಸೀಲ್ ಬದಲಿಸಲು ಕೂಲಿ ಸೇರಿ ಎರಡು ಸಾವಿರದ ಹತ್ತಿರ. ಖರ್ಚಾದದ್ದು ಗೇಜಿಗೆ 120, ಸೆಕೆಂಡ್‌ಹ್ಯಾಂಡ್ ರೆಗ್ಯುಲೇಟರಿಗೆ 60, ಸೇಫ್ಟಿ ವಾಲ್ವ್ ಮತ್ತು ಲೇತ್ ಕೆಲಸಕ್ಕೆ ನೂರರ ಒಳಗೆ, ರಿಂಗುಗಳಿಗೆ 15 ಕೂಡ ಇಲ್ಲ. ಕೆಲಸ ನೋಡಿ ಸಹಿ ಹಾಕಿದ ಇನ್ಸ್‌ಪೆಕ್ಟರಿಗೆ ಒಂದು ಊಟ ಬೇರೆ.

ಕಂಪ್ರೆಸರನ್ನೇ ಅನುಮಾನಿಸಬೇಕಾದ ಲಕ್ಷಣ ಬೇರೆ. ಎಂಜಿನ್ ಓಡುವಾಗ ಒತ್ತಡ 30ರವರೆಗೆ ಸರಾಗ ಏರಿ ಆಮೇಲೆ ತೆವಳಿದರೆ ಕಂಪ್ರೆಸರಿನ (ಎಕೆ-50ಟಿ) ವಾಲ್ವ್‌ಗಳಲ್ಲಿ ಮಸಿ ಕಟ್ಟಿದೆ ಅಥವಾ ರಿಂಗ್ ಸವೆದಿದೆ. 40ರವರೆಗೆ ಚೆನ್ನಾಗಿ ಏರಿ ಅಲ್ಲೇ ನಿಂತರೆ ರಿಲೀಫ್ ವಾಲ್ವ್ ಬೇಗ ಬಿಡುತ್ತಿದೆ. ಒಳ್ಳೆಯ ಗೇಜಿನಿಂದ ಖಾತ್ರಿಯಾಗದೆ ಅದರ ಸ್ಕ್ರೂ ಮುಟ್ಟಬೇಡಿ. ಸೊನ್ನೆಯಿಂದಲೇ ನಿಧಾನವಾದರೆ ಮೊದಲು ಸೆಟ್ಲರ್ (ಗಾಳಿಯಿಂದ ನೀರು, ಎಣ್ಣೆ ಬೇರ್ಪಡಿಸುವ ಡಬ್ಬಿ) ಮತ್ತು ಫಿಲ್ಟರ್ ಬಿಚ್ಚಿ ನೋಡಿ, ನೀರು ಎಣ್ಣೆ ಕಲಸಿದ ಗೊಣ್ಣೆಯಂಥ ಲೋಳೆ ದಾರಿ ಕಟ್ಟಿರುತ್ತದೆ. ನಮ್ಮ ಸರ್ಕಾರಿ ಬಸ್ ಡಿಪೋದಲ್ಲಿ ಏರ್ ಟ್ಯಾಂಕಿನ ನೀರು ಬಿಡುವಂತೆ ಪ್ರತಿ ಹಾರಾಟದ ನಂತರ ಇದನ್ನು ಬಿಡಲೇಬೇಕು. ಬಿಡದಿದ್ದರೆ ಆ ನೀರು ಉಕ್ಕಿನ ಬಾಟಲಿಯ ತಳಕ್ಕೆ ಸೇರಿ ಒಳಗಿನಿಂದ ತಿನ್ನುತ್ತದೆ. ನಮ್ಮ ಸೀಟಿನ ಮೇಲಿನ ತುಕ್ಕಿನ ಕಣ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ. ಬಾಟಲಿ ಬಿಚ್ಚಿ ಬೋರ್‌ಸ್ಕೋಪ್ ಹಾಕಿ ಒಳಗೆ ನೋಡಿ, ಹೈಡ್ರೋ ಟೆಸ್ಟಿಗೆ (ನೀರಿನ ಒತ್ತಡದ ಪರೀಕ್ಷೆ) ಕಳಿಸಿದ ಮೇಲೇ ಮತ್ತೆ ಕೂರಿಸಿದ್ದು.

ಸ್ಟಾರ್ಟಿಂಗ್ ಬದಿಯಲ್ಲಿ ಎರಡು ಜಾಗ. ಬಟನ್ ಒತ್ತಿದಾಗ ಸ್ಟಾರ್ಟಿಂಗ್ ಗಾಳಿ ಬಿಡುವ ಇಕೆ-48 ವಾಲ್ವ್ ಸೋರುತ್ತಿದ್ದರೆ ಗಾಳಿ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ದಾಟಿ ಸಿಲಿಂಡರಿಗೆ ಹೋಗುತ್ತದೆ, ಬಟನ್ ಒತ್ತದೆಯೂ ಪ್ರೊಪೆಲರ್ ಒದೆಯಬಹುದು. ಮೇನ್ ಮುಚ್ಚದೆ ಪ್ರೊಪೆಲರ್ ಮುಟ್ಟುವವರನ್ನು ನಾನು ಹತ್ತಿರ ಸೇರಿಸುವುದಿಲ್ಲ. ಎರಡನೆಯದು ಒಂಬತ್ತು ಸಿಲಿಂಡರಿನ ಸ್ಟಾರ್ಟ್ ವಾಲ್ವ್‌ಗಳು. ಎಂಜಿನ್ ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಪ್ರೊಪೆಲರ್ ನಿಂತ ಮೇಲೆ ಒಂಬತ್ತು ಪೈಪುಗಳಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ತೋರಿಸಿ. ಉರಿದ ಗ್ಯಾಸ್ ಹಿಂದಕ್ಕೆ ಬರುತ್ತಿರುವ ಪೈಪ್ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿ ಇರುತ್ತದೆ. ಹೊಳೆಯುವ ಪೈಪಿನಲ್ಲಿ ಅಂಕಿ ಸುಳ್ಳು ಬರುತ್ತದೆ, ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಓದಿ.

ನಡುವೆ ಒಂದಷ್ಟು ಪ್ರಯೋಗಗಳೂ ಆದವು. ಸೆಟ್ಲರ್ ಆದ ಮೇಲೆ ಸಿಲಿಕಾ ಜೆಲ್ ಡಬ್ಬಿ ಹಾಕಿದರೆ ನೀರು ನಿಲ್ಲುತ್ತದೆ ಎಂದು ಹಾಕಿದ್ದು, ಎಣ್ಣೆ ಕುಡಿದು ಹರಳುಗಳು ಕಪ್ಪಾಗಿ ಪುಡಿ ಬಿಡತೊಡಗಿದ ಮೇಲೆ ತೆಗೆದದ್ದು. ಬಾಟಲಿಗೆ ನೈಟ್ರೋಜನ್ ತುಂಬಿದರೆ ಸ್ಟಾರ್ಟ್ ಆಗುವುದಿಲ್ಲ ಎಂಬ ಮಾತಿದೆ. ಆಗುತ್ತದೆ, ಗಾಳಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಆಕ್ಸಿಜನ್ ಮಾತ್ರ ಹ್ಯಾಂಗರಿನ ಆ ಮೂಲೆಗೂ ಬರಕೂಡದು: ಎಣ್ಣೆ ಮೆತ್ತಿದ ಪೈಪಿನೊಳಗೆ ಒತ್ತಡದ ಆಕ್ಸಿಜನ್ ಅಂದರೆ ಸ್ಫೋಟ.

ಈಗ ಉಳಿದಿರುವುದು ಬ್ರೇಕಿಗೆ ಹೋಗುವ ಒತ್ತಡ ಇಳಿಸುವ ಪಿಯು-7 ವಾಲ್ವಿನಲ್ಲಿ ನಿಮಿಷಕ್ಕೆ ಹತ್ತು ಸಿಸಿಯಷ್ಟು, ಅದೂ ಲಿವರ್ ಒತ್ತಿದಾಗ ಮಾತ್ರ. ಅದರ ಡಯಾಫ್ರಮ್ ಬರುವವರೆಗೆ ಪಾರ್ಕಿಂಗಿನಲ್ಲಿ ಬ್ರೇಕ್ ಲಾಕ್ ಬಿಟ್ಟು ಚಕ್ರಕ್ಕೆ ಮರದ ಚೋಕ್ ಇಡುತ್ತಿದ್ದೇವೆ.